ವೀರಾಂಗನೆ ಎಂಬ ಬಿರುದು

1971ರ ಡಿಸೆಂಬರ್ ತಿಂಗಳನ್ನು ಮುಂಬಯಿಯಲ್ಲಿ ಕಳೆದ ನಮ್ಮಲ್ಲಿ ಹಲವರಿಗೆ ಆ ಕತ್ತಲೆಯ ರಾತ್ರಿಗಳು ಇನ್ನೂ ನೆನಪಿನಲ್ಲಿವೆ. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿ, ದೀಪಕ್ಕೆ ಮರೆ ಕಟ್ಟಿ, ಚಾಳಿನವರೆಲ್ಲ ಒಂದೇ ರೇಡಿಯೋದ ಸುತ್ತ ಕುಳಿತು ಸುದ್ದಿ ಕೇಳಿದ ದಿನಗಳವು. ಅದಕ್ಕೆ ಕೆಲವು ವಾರ ಮೊದಲು, ಆ ನವೆಂಬರಿನಿಂದ, ಊರಿಗೆ ಬರೆಯುವ ಕಾಗದಕ್ಕೆ ಐದು ಪೈಸೆಯ ಇನ್ನೊಂದು ಅಂಚೆಚೀಟಿಯನ್ನೂ ಹಚ್ಚಬೇಕೆಂಬ ನಿಯಮ ಬಂದಿತ್ತು. ಪೂರ್ವ ಬಂಗಾಲದಿಂದ ಓಡಿಬಂದ ನಿರಾಶ್ರಿತರ ಪರಿಹಾರಕ್ಕಾಗಿ ಆ ಐದು ಪೈಸೆ. ಡಿಸೆಂಬರ್ 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಜನರಲ್ ನಿಯಾಜಿ ಶರಣಾಗತಿಯ ಪತ್ರಕ್ಕೆ ರುಜು ಹಾಕಿದರು. ಸುಮಾರು 93,000 ಮಂದಿ ಸೆರೆಯಾದರು. ನಾವು ಪೇಡೆ ಹಂಚಿಕೊಂಡೆವು, ಕಿಟಕಿಯ ಕಾಗದ ಕಿತ್ತೆವು. ನಮ್ಮ ಪಾಲಿಗೆ ಯುದ್ಧ ಅಲ್ಲಿಗೆ ಮುಗಿಯಿತು.

ಯಾರ ಪಾಲಿಗೆ ಅದು ಮುಗಿಯಲಿಲ್ಲವೋ ಅವರ ಸಂಗತಿಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇವೆ. ಆ ಯುದ್ಧದ ಕುರಿತು ನಾವು ಓದಿದ್ದು ಬಹಳ. ಸೇನಾಪತಿಗಳ ಆತ್ಮಚರಿತ್ರೆಗಳಿಂದ ಹಿಡಿದು ಅಮೆರಿಕದ ಏಳನೆಯ ನೌಕಾಪಡೆಯ ಕಥೆಯವರೆಗೆ ಎಲ್ಲವೂ ನಮಗೆ ಗೊತ್ತು. ಹೆಂಗಸರ ಪಾಡು ಮಾತ್ರ ಆ ಪುಸ್ತಕಗಳಲ್ಲಿ ಒಂದು ಅಂಕಿಯಾಗಿ ಬಂದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಹಿನ್ನೆಲೆ ವಾಚಕರಿಗೆ ಪರಿಚಿತವಾದದ್ದೇ. 1970ರ ಡಿಸೆಂಬರಿನ ಚುನಾವಣೆಯಲ್ಲಿ ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗಿಗೆ ಬಹುಮತ ಬಂತು. ಪಾಕಿಸ್ತಾನದ ಸೇನಾಡಳಿತ ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾ ನಗರದ ಮೇಲೆ ಸೈನ್ಯ ಎರಗಿತು. ಮುಂದಿನ ಒಂಬತ್ತು ತಿಂಗಳಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಹಳ್ಳಿಗಳಿಗೆ ನುಗ್ಗಿದ ಸೈನಿಕರಿಗೆ ಮನೆ ಮನೆ ತೋರಿಸಿದವರು ಅಲ್ಲಿಯವರೇ ಆದ ಸಹಾಯಕ ಪಡೆಯವರು, ರಜಾಕಾರರು. ಹೈದರಾಬಾದು ಸಂಸ್ಥಾನದ ಕೊನೆಯ ದಿನಗಳನ್ನು ಕಂಡ ಬೀದರ, ಕಲಬುರ್ಗಿ ಕಡೆಯ ನಮ್ಮ ಹಿರಿಯರು ಈ ಹೆಸರು ಕೇಳಿಯೇ ಬೆಚ್ಚುತ್ತಿದ್ದರು. ಪಡೆ ಬೇರೆ, ಹೆಸರು ಒಂದೇ. ಹೆಂಗಸರ ಮೇಲೆ ಬಲಾತ್ಕಾರ ಅವರವರ ಮನೆಗಳಲ್ಲೇ ನಡೆಯಿತು. ಅನೇಕರನ್ನು ಎತ್ತಿಕೊಂಡು ಹೋಗಿ ದಂಡುಪ್ರದೇಶಗಳಲ್ಲಿ, ಕಂದಕಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕಿದರು. ಎಂಟು ವರ್ಷದ ಹುಡುಗಿಯರೂ ಎಪ್ಪತ್ತೈದು ವರ್ಷದ ಅಜ್ಜಿಯರೂ ಇದಕ್ಕೆ ಹೊರತಾಗಿರಲಿಲ್ಲವೆಂದು ಅಮೆರಿಕದ ಲೇಖಕಿ ಸೂಸನ್ ಬ್ರೌನ್‌ಮಿಲ್ಲರ್ 1975ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಬಾಂಗ್ಲಾದೇಶದ ಸರಕಾರ ಹೇಳುತ್ತ ಬಂದ ಲೆಕ್ಕ ಎರಡು ಲಕ್ಷ. ನಾಲ್ಕು ಲಕ್ಷವೆನ್ನುವವರೂ ಇದ್ದಾರೆ, ಎರಡೂ ಹೆಚ್ಚಾಯಿತೆಂದು ವಾದಿಸುವವರೂ ಇದ್ದಾರೆ. ಅಂಕಿಯ ಜಗಳದಲ್ಲಿ ನಾವು ಇಳಿಯುವುದಿಲ್ಲ. ಹೇಳಿಕೊಳ್ಳದೆ ಉಳಿದವರನ್ನು ಎಣಿಸುವುದು ಹೇಗೆ?

ಯುದ್ಧ ಮುಗಿದ ಆ ಡಿಸೆಂಬರ್ ಕಳೆಯುವ ಮೊದಲೇ ಹೊಸ ಸರಕಾರ ಒಂದು ಕೆಲಸ ಮಾಡಿತು. ಹೀಗೆ ನೊಂದ ಹೆಂಗಸರಿಗೆಲ್ಲ ‘ಬೀರಾಂಗೊನಾ’ ಎಂಬ ಬಿರುದು ಸಾರಿತು. ಬಂಗಾಲಿಯ ಉಚ್ಚಾರ ಬಿಟ್ಟರೆ ನಮ್ಮ ವೀರಾಂಗನೆಯೇ. ಜಗತ್ತಿನಲ್ಲಿ ಅದಕ್ಕೂ ಮುಂಚೆ ಎಷ್ಟೋ ಯುದ್ಧಗಳಾಗಿವೆ. ಗೆದ್ದ ನಾಡೊಂದು ತನ್ನ ಹೆಣ್ಣುಮಕ್ಕಳ ಈ ಗಾಯವನ್ನು ಮುಚ್ಚಿಡದೆ ಗೌರವದ ಹೆಸರಿಟ್ಟು ಕರೆದದ್ದು ಅಪರೂಪ. ಆ ಉದ್ದೇಶವನ್ನು ನಾವು ಸಂಶಯಿಸುವುದಿಲ್ಲ. ತಂದೆಯ ಹೆಸರು ಕೇಳಿದರೆ ನನ್ನ ಹೆಸರು ಬರೆಸಿರಿ, ವಿಳಾಸ ಕೇಳಿದರೆ ಧಾನಮಂಡಿಯ 32ನೆಯ ನಂಬರಿನ ನನ್ನ ಮನೆಯ ವಿಳಾಸ ಕೊಡಿರಿ ಎಂದು ಶೇಖ್ ಮುಜೀಬರು ಈ ಹುಡುಗಿಯರಿಗೆ ಹೇಳಿದರೆಂಬ ಮಾತು ಆ ನಾಡಿನಲ್ಲಿ ಈಗಲೂ ಜನರ ಬಾಯಲ್ಲಿದೆ.

ಆದರೆ ವೀರಾಂಗನೆ ಎಂದೊಡನೆ ನಮಗೆ ನೆನಪಾಗುವವರು ಯಾರು? ಒನಕೆ ಹಿಡಿದ ಓಬವ್ವ, ಕತ್ತಿ ಹಿಡಿದ ಕಿತ್ತೂರಿನ ರಾಣಿ. ಅವರು ಮಾಡಿದ ಕೆಲಸಕ್ಕೆ ಆ ಹೆಸರು ಬಂತು. ಬಾಂಗ್ಲಾದೇಶದಲ್ಲಿಯಾದರೋ ಈ ಹೆಂಗಸರಿಗೆ ಹೆಸರು ಬಂದದ್ದು ಅವರು ಮಾಡಿದ್ದಕ್ಕಲ್ಲ, ಅವರಿಗೆ ಮಾಡಿದ್ದಕ್ಕೆ. ಬಂದೂಕು ಹಿಡಿದು ಕಾದಿದ ತಾರಾಮನ್ ಬೀಬಿಯವರಿಗೆ ‘ಬೀರ್ ಪ್ರತೀಕ್’ ಎಂಬ ಬೇರೆಯೇ ಪ್ರಶಸ್ತಿ ಸಂದಿತು. ಹೀಗಾಗಿ ವೀರಾಂಗನೆ ಎಂದರೆ ಸಾಕು, ಆಕೆಗೆ ಏನಾಗಿತ್ತು ಎಂಬುದು ಕೇಳಿದವರಿಗೆಲ್ಲ ತಿಳಿದುಹೋಗುತ್ತಿತ್ತು. ಗೌರವದ ಹೆಸರೇ ಹಣೆಯ ಮೇಲಿನ ಬರೆಯಾಯಿತು. ಊರ ಬಾಯಿ ಅಷ್ಟಕ್ಕೇ ಸುಮ್ಮನಾಗಲಿಲ್ಲ, ಬಿರುದಿನ ಒಂದಕ್ಷರ ತಿರುಚಿ ‘ಬಾರಾಂಗೊನಾ’ ಎಂದಿತು. ವೀರಾಂಗನೆಗೂ ವಾರಾಂಗನೆಗೂ ನಡುವೆ ಎಷ್ಟು ದೂರವೆಂದು ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ.

ನಮ್ಮ ಮಾತನ್ನೇ ಒಮ್ಮೆ ನೋಡಿಕೊಳ್ಳೋಣ. ‘ಮಾನಭಂಗ’ ಎನ್ನುತ್ತೇವೆ, ‘ಶೀಲ ಕಳೆದುಕೊಂಡಳು’ ಎನ್ನುತ್ತೇವೆ. ಕಳ್ಳ ಮನೆಗೆ ನುಗ್ಗಿದರೆ ಮನೆಯವನನ್ನು ಯಾರೂ ಕಳಂಕಿತನೆನ್ನುವುದಿಲ್ಲ. ಇಲ್ಲಿ ಮಾತ್ರ ಕಳೆದುಕೊಂಡವಳೂ ಅವಳೇ, ಕಳಂಕಿತೆಯೂ ಅವಳೇ. ಮಾಡಿದವನು ವಾಕ್ಯದಿಂದಲೇ ಜಾರಿಕೊಂಡಿರುತ್ತಾನೆ. ಬಂಗಾಲಿಯಲ್ಲೂ ಹಾಗೆಯೇ; ‘ಇಜ್ಜತ್ ಹೋದವರು’ ಎಂಬ ಮಾತು ಅಲ್ಲಿ ಭಾಷಣಗಳಲ್ಲೂ ಪಠ್ಯಪುಸ್ತಕಗಳಲ್ಲೂ ನೆಲೆಯೂರಿತು.

1972ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಕೆ. ಎಂ. ಸೋಭಾನರ ಅಧ್ಯಕ್ಷತೆಯಲ್ಲಿ ಮಹಿಳಾ ಪುನರ್ವಸತಿ ಮಂಡಲಿ ಸ್ಥಾಪನೆಯಾಯಿತು. ಕವಯಿತ್ರಿ ಸುಫಿಯಾ ಕಮಾಲ್, ಢಾಕಾ ವಿಶ್ವವಿದ್ಯಾಲಯದಲ್ಲಿ ಬಂಗಾಲಿ ಕಲಿಸುತ್ತಿದ್ದ ನೀಲಿಮಾ ಇಬ್ರಾಹಿಂ ಮೊದಲಾದವರು ಈ ಕೆಲಸಕ್ಕೆ ಕೈ ಜೋಡಿಸಿದರು. ಹೊಲಿಗೆ, ಬೆರಳಚ್ಚು, ಕೋಳಿ ಸಾಕಣೆ, ಕರಕುಶಲ ಕಲೆ ಇವನ್ನೆಲ್ಲ ಕಲಿಸಿದರು. ಖಜಾನೆ ಬರಿದಾದ, ಸೇತುವೆಗಳು ಮುರಿದುಬಿದ್ದ ನಾಡು ಅದು. ಅಂಥ ಸ್ಥಿತಿಯಲ್ಲಿ ಇಷ್ಟಾದರೂ ನಡೆದದ್ದು ದೊಡ್ಡದೇ.

ಮೊದಲ ಸಮಸ್ಯೆ ಬಸಿರಿನದು. ಮಂಡಲಿ ಸ್ಥಾಪನೆಯಾಗುವ ಹೊತ್ತಿಗೆ ಎಷ್ಟೋ ಜನರಿಗೆ ದಿನ ತುಂಬುತ್ತ ಬಂದಿತ್ತು. ಬ್ರಿಟಿಷರ ಕಾಲದ 1860ರ ದಂಡಸಂಹಿತೆಯೇ ಅಲ್ಲೂ ಜಾರಿಯಲ್ಲಿತ್ತು. ತಾಯಿಯ ಪ್ರಾಣಕ್ಕೆ ಅಪಾಯವಿದ್ದಲ್ಲದೆ ಗರ್ಭಪಾತ ಅಪರಾಧ. ಈ ಹೆಂಗಸರ ಮಟ್ಟಿಗೆ ಸರಕಾರ ಆ ನಿಷೇಧವನ್ನು ಸಡಿಲಿಸಿತು. ಆಸ್ಟ್ರೇಲಿಯದಿಂದ ಬಂದ ಡಾ. ಜೆಫ್ರಿ ಡೇವಿಸ್ ಎಂಬವರು ಆ ವರ್ಷ ಹಲವು ತಿಂಗಳು ಅಲ್ಲಿ ನಿಂತು, ದಿನ ಮೀರಿದ ಗರ್ಭಗಳನ್ನು ತೆಗೆಯುವ ಕ್ರಮವನ್ನು ಊರೂರಿನ ವೈದ್ಯರಿಗೆ ಕಲಿಸಿದರು. ಸರಕಾರಿ ಚಿಕಿತ್ಸಾಲಯದವರೆಗೆ ಬರಲಾರದೆ ಸೂಲಗಿತ್ತಿಯ ಕೈಗೋ, ನಾಟಿ ಮದ್ದಿಗೋ ಒಡ್ಡಿಕೊಂಡವರು ಬೇರೆ. ಹೊಟ್ಟೆಗಿಲ್ಲದೆ ಸೊರಗಿದ ದೇಹ, ಸೋಂಕುರೋಗ, ಆರೈಕೆಯಿಲ್ಲದ ಹೆರಿಗೆ, ಹೀಗೆ ಬದುಕುಳಿದ ಅನೇಕರು ಮತ್ತೆಂದೂ ತಾಯಿಯಾಗದ ಸ್ಥಿತಿ ತಲುಪಿದರು. ಮೈನೆರೆದು ವರ್ಷ ಕಳೆಯದ ಹುಡುಗಿಯರ ಪಾಡು ಇನ್ನೂ ಕಠಿಣ. ಅವರ ಎಲುಬು ಬಲಿತಿರಲಿಲ್ಲ. ಮೈಗೆ ಏನಾಗುತ್ತಿದೆಯೆಂದು ಹೇಳಲು ಮಾತೂ ಬಲಿತಿರಲಿಲ್ಲ. ಶಾಲೆ ಅಲ್ಲಿಗೆ ನಿಂತಿತು. ಹೆತ್ತವರು ಸದ್ದಿಲ್ಲದೆ, ಸಿಕ್ಕಿದ ವರನಿಗೆ, ಕೆಲವೊಮ್ಮೆ ಎರಡನೆಯ ಹೆಂಡತಿಯಾಗಿ, ಕೊಟ್ಟು ಕೈ ತೊಳೆದುಕೊಂಡರು.

ಹುಟ್ಟಿದ ಕೂಸುಗಳ ಗತಿಯೇನು? 1972ರಲ್ಲೇ ಸರಕಾರ ಒಂದು ವಿಶೇಷ ಆಜ್ಞೆ ಹೊರಡಿಸಿ, ಇವುಗಳನ್ನು ಪರದೇಶಗಳಿಗೆ ದತ್ತು ಕೊಡಲು ಅನುವು ಮಾಡಿತು. ಹಳೆಯ ಢಾಕಾದಲ್ಲಿ ಮದರ್ ತೆರೇಸಾರ ಸೋದರಿಯರು ಮಕ್ಕಳನ್ನು ನೋಡಿಕೊಂಡರು. ಆ ಜುಲೈಯಲ್ಲಿ ಹದಿನೈದು ಎಳೆಗೂಸುಗಳ ಮೊದಲ ತಂಡ ವಿಮಾನವೇರಿ ಕೆನಡಾಕ್ಕೆ ಹೋಯಿತು. ಅವು ಅಲ್ಲಿ ಚೆನ್ನಾಗಿಯೇ ಬೆಳೆದವು. ಬಿಟ್ಟುಕೊಟ್ಟ ತಾಯಂದಿರನ್ನು ಮಾತ್ರ ಯಾರೂ ಹೆಚ್ಚು ಕೇಳಲಿಲ್ಲ. ಕೆಲವರು ಕೂಸನ್ನು ಕಣ್ಣೆತ್ತಿ ನೋಡಲೂ ಒಪ್ಪಲಿಲ್ಲ, ಕೆಲವರು ಮಡಿಲಿನಿಂದ ಬಿಡಲೊಪ್ಪದೆ ಅತ್ತರು. ಎರಡೂ ಸಹಜವೇ. ಶತ್ರುವಿನ ರಕ್ತ ನಾಡಿನಲ್ಲಿ ಉಳಿಯಕೂಡದು ಎಂಬ ಹಟ ಆಗಿನ ಸರಕಾರದ ವಲಯಗಳಲ್ಲಿ ಬಲವಾಗಿತ್ತು. ಆ ಹಟದ ಎದುರಿಗೆ ಹೆತ್ತವಳ ಇಷ್ಟಾನಿಷ್ಟಕ್ಕೆ ಎಷ್ಟು ಬೆಲೆಯಿದ್ದೀತು!

ಇನ್ನು ಮದುವೆಯ ಪ್ರಸಂಗ. ಯುವಕರು ಮುಂದೆ ಬಂದು ವೀರಾಂಗನೆಯರ ಕೈ ಹಿಡಿಯಬೇಕೆಂದು ಸರಕಾರ ಕರೆಕೊಟ್ಟಿತು. ಬಂದವರು ಕೆಲವರೇ. ಬಂದವರಲ್ಲೂ ಕೆಲವರು ತಂದದ್ದು ಕೇಳಿಕೆಗಳ ಪಟ್ಟಿ. ಕೆಂಪು ಬಣ್ಣದ ಹೊಸ ಜಪಾನೀ ಕಾರಿನಿಂದ ಹಿಡಿದು ತಾನು ಬರೆದಿಟ್ಟ ಅಪ್ರಕಟಿತ ಕವಿತೆಗಳನ್ನು ಅಚ್ಚುಮಾಡಿಸಿ ಕೊಡುವವರೆಗೂ ಬೇಡಿಕೆಗಳಿದ್ದುವೆಂದು ಒಬ್ಬ ಅಧಿಕಾರಿ ಕಹಿಯಾಗಿ ಹೇಳಿಕೊಂಡದ್ದನ್ನು ಬ್ರೌನ್‌ಮಿಲ್ಲರ್ ದಾಖಲಿಸಿದ್ದಾರೆ. ಅದನ್ನು ಓದಿದಾಗ ನಮಗೆ ನಗು ಬಂತು, ಮರುಕ್ಷಣ ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಇದಕ್ಕಿಂತ ಮನಕಲಕುವ ಸಂಗತಿಯೊಂದನ್ನು ನೀಲಿಮಾ ಇಬ್ರಾಹಿಂ ಬರೆದಿದ್ದಾರೆ. ಪಾಕಿಸ್ತಾನದ ಯುದ್ಧಕೈದಿಗಳನ್ನು ಭಾರತಕ್ಕೆ ಸಾಗಿಸುವ ಹೊತ್ತಿಗೆ, ಮೂವತ್ತು ನಲವತ್ತು ಮಂದಿ ಬಂಗಾಲಿ ಹೆಂಗಸರು ತಾವೂ ಅವರೊಡನೆ ಹೋಗುತ್ತೇವೆಂದು ಹಟ ಹಿಡಿದಿದ್ದಾರೆಂದು ಅವರಿಗೆ ತಿಳಿಯಿತು. ಗೆಳತಿಯರೊಂದಿಗೆ ಅವರು ದಂಡುಪ್ರದೇಶಕ್ಕೆ ಹೋಗಿ ಆ ಹೆಂಗಸರನ್ನು ಕಂಡು ಮಾತಾಡಿಸಿದರು, ಬೇಡವೆಂದರು. ತಮ್ಮನ್ನು ಹಾಳುಮಾಡಿದವರ ಜೊತೆಗೇ ಹೊರಟು ನಿಂತದ್ದು ಅವರ ಮೇಲಿನ ಪ್ರೀತಿಯಿಂದಲ್ಲ. ಮರಳಿ ಹೋದರೆ ಸ್ವಂತ ಮನೆಯ ಬಾಗಿಲು ತೆರೆದೀತೆಂಬ ಭರವಸೆಯೇ ಇರಲಿಲ್ಲ. ಸೈನಿಕರ ಕ್ರೌರ್ಯದ ಬಗ್ಗೆ ಎಷ್ಟು ಬರೆದರೂ ಸಾಲದು, ನಿಜ. ಆದರೆ ಈ ನಿರ್ಧಾರಕ್ಕೆ ಸೈನಿಕರಷ್ಟೇ ಕಾರಣರಲ್ಲವೆಂಬುದನ್ನು ಬರೆಯದೆ ಬಿಡಲಾಗದು.

1975ರ ಆಗಸ್ಟ್ 15ರಂದು ಮುಜೀಬರ ಕೊಲೆಯಾಯಿತು. ಆ ಬಳಿಕ ಪುನರ್ವಸತಿಯ ಕೆಲಸ ಕುಂಟುತ್ತ ಬಂತು. ಸಿರಾಜಗಂಜದ ಕೇಂದ್ರ ಮುಚ್ಚಿತು. ಅಲ್ಲಿದ್ದವರು ಬೀದಿಗೆ ಬಿದ್ದರು. ಅದನ್ನು ನಡೆಸುತ್ತಿದ್ದ ಸಫೀನಾ ಲೋಹಾನಿಯವರು ಮುಂದೆ ವರ್ಷಗಟ್ಟಲೆ ಹಳ್ಳಿ ಹಳ್ಳಿ ಅಲೆದು ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೂಡಿಸಿದರು. ಪುನರ್ವಸತಿಯ ಹಳೆಯ ದಾಖಲೆಗಳೂ ಹೆಚ್ಚಾಗಿ ಉಳಿಯಲಿಲ್ಲ. ಹೆಸರು ಹೊರಬಿದ್ದರೆ ಬದುಕು ಹಾಳಾದೀತೆಂದು ಬೇಕೆಂದೇ ನಾಶ ಮಾಡಿದರೆನ್ನುತ್ತಾರೆ. ಅದು ದಯೆಯೇ ಇದ್ದೀತು. ಮುಂದೆ ಅರ್ಜಿ ಹಿಡಿದು ಬಂದ ಮುದುಕಿಯರಿಗೆ ತೋರಿಸಲು ಒಂದು ಚೀಟಿಯೂ ಇಲ್ಲದಂತಾದದ್ದೂ ಅದರಿಂದಲೇ.

ಗಂಡಂದಿರೆಲ್ಲ ಕೈಬಿಟ್ಟರೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ನಯನಿಕಾ ಮುಖರ್ಜಿ ಎಂಬ ಮಾನವಶಾಸ್ತ್ರಜ್ಞೆ 1990ರ ದಶಕದಲ್ಲಿ ಬಾಂಗ್ಲಾದೇಶದ ಪಶ್ಚಿಮ ಭಾಗದ ಒಂದು ಹಳ್ಳಿಯಲ್ಲಿ ಬಹುಕಾಲ ನೆಲೆಸಿ ಇವರ ಬಾಳುವೆಯನ್ನು ನೋಡಿ ಬರೆದಿದ್ದಾರೆ. ಅವರು ಕಂಡ ಹೆಂಗಸರು ಗಂಡ ಮಕ್ಕಳೊಡನೆ ಸಂಸಾರ ಮಾಡಿಕೊಂಡೇ ಇದ್ದರು. ಊರಿಗೆ ವಿಷಯ ಗೊತ್ತಿತ್ತು. ಬೂದಿ ಮುಚ್ಚಿದ ಕೆಂಡದಂತೆ ಎಲ್ಲರೂ ಅದನ್ನು ಮುಚ್ಚಿಟ್ಟುಕೊಂಡಿದ್ದರು. ಗದ್ದೆಯ ಬದುವಿಗೋ ಕೋಳಿಗೋ ಜಗಳವಾದಾಗ ಮಾತ್ರ ನೆರೆಯವಳ ಬಾಯಿಂದ ಒಂದು ಮಾತು ಹಾರುತ್ತಿತ್ತು. ಇದಕ್ಕೆ ಬಂಗಾಲಿಯಲ್ಲಿ ‘ಖೋಂಟಾ’ ಎನ್ನುತ್ತಾರೆ. ನಮ್ಮ ‘ಹಂಗಿಸುವುದು’ ಎಂಬುದಕ್ಕೆ ಹತ್ತಿರದ ಮಾತು. ಮಗಳ ಸಂಬಂಧ ಕುದುರುವ ಹೊತ್ತಿಗೆ ಅದೇ ಮಾತು ಬೀಗರ ಕಿವಿಗೂ ಬೀಳುತ್ತಿತ್ತು. ಆಸ್ಪತ್ರೆಗೆ ಹೋದರೆ ಈ ಹೆಂಗಸರು ಹೇಳಿಕೊಳ್ಳುವುದು ಹೊಟ್ಟೆಯ ಉರಿ, ಎದೆಬಡಿತ, ನಿಶ್ಶಕ್ತಿ. ಅದರಾಚೆ ಹೇಳುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಗಂಡಸರಿಗೂ ಇದರ ನೋವು ತಟ್ಟದಿರಲಿಲ್ಲ. ಹೆಂಡತಿಯನ್ನು ಕಾಯಲಾರದೆ ಹೋದೆನೆಂಬ ಕೊರಗನ್ನು ಯಾರಲ್ಲೂ ಆಡದೆ ಕೊನೆಯವರೆಗೆ ಹೊತ್ತವರು ಎಷ್ಟೋ.

ಇಂಥ ಮುಚ್ಚಿಟ್ಟ ಬಾಳಿನ ಮೇಲೆ 1992ರಲ್ಲಿ ಒಮ್ಮೆಲೇ ಬೆಳಕು ಬಿತ್ತು. ಆ ಮಾರ್ಚ್ 26ರಂದು ಜಹಾನಾರಾ ಇಮಾಮರ ನೇತೃತ್ವದಲ್ಲಿ ಢಾಕಾದ ಸುಹ್ರವರ್ದಿ ಉದ್ಯಾನದಲ್ಲಿ ಜನತಾ ನ್ಯಾಯಾಲಯ ನಡೆಯಿತು. ಹಳೆಯ ರೇಸ್‌ಕೋರ್ಸ್ ಮೈದಾನವೇ ಅದು. ಮಗನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡ ತಾಯಿ ಅವರು; ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಸಾಕ್ಷಿಗಾಗಿ ಕುಷ್ಟಿಯಾ ಜಿಲ್ಲೆಯಿಂದ ಕರೆತಂದ ಮೂವರು ಬಡ ಹೆಂಗಸರಿಗೆ, ತಮ್ಮ ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದೀತೆಂಬ ಅರಿವು ಸರಿಯಾಗಿ ಇರಲಿಲ್ಲ. ಜನಸಂದಣಿಯಲ್ಲಿ ಅವರಿಗೆ ಮಾತಾಡುವ ಅವಕಾಶವೂ ಸಿಗಲಿಲ್ಲ. ಚಿತ್ರ ಮಾತ್ರ ಅಚ್ಚಾಯಿತು. ಊರಿಗೆ ಮರಳಿದಾಗ ಕಾದಿದ್ದುದು ಖೋಂಟಾ. ನಗರದ ಸುಶಿಕ್ಷಿತ ಮನೆತನಗಳಲ್ಲೂ ಇಂಥ ಹೆಂಗಸರು ಕಡಿಮೆಯಿರಲಿಲ್ಲ. ಅವರ ಹೆಸರು ಹೊರಬಾರದಂತೆ ಮನೆತನ ಕಾದುಕೊಂಡಿತು, ವೇದಿಕೆ ಹತ್ತಬೇಕಾದ್ದು ಕೂಲಿನಾಲಿಯವರು. ಒಳ್ಳೆಯ ಉದ್ದೇಶದ ಚಳವಳಿಯೂ ಅವರ ಹೆಗಲನ್ನೇ ಬಳಸಿಕೊಂಡಿತೆಂದು ಹೇಳದೆ ನಿರ್ವಾಹವಿಲ್ಲ.

ಅವರ ಮಾತನ್ನು ಅವರದೇ ದನಿಯಲ್ಲಿ ಓದುಗರ ಮುಂದಿಟ್ಟವರಲ್ಲಿ ನೀಲಿಮಾ ಇಬ್ರಾಹಿಂ ಮೊದಲಿಗರು. 1994ರಿಂದೀಚೆಗೆ ಎರಡು ಸಂಪುಟಗಳಲ್ಲಿ ಬಂದ ‘ಆಮಿ ಬೀರಾಂಗೊನಾ ಬೋಲ್ಛಿ’, ಎಂದರೆ ‘ವೀರಾಂಗನೆ ನಾನು ಮಾತಾಡುತ್ತಿದ್ದೇನೆ’, ಇಪ್ಪತ್ತು ವರ್ಷ ಕಾದ ಪುಸ್ತಕ. 1999ರಲ್ಲಿ ಫಿರದೌಸಿ ಪ್ರಿಯಭಾಷಿಣಿ ಎಂಬ ಶಿಲ್ಪಿ ತಮ್ಮ ಹೆಸರು ಮರೆಮಾಚದೆ ಮುಂದೆ ಬಂದರು. 1971ರಲ್ಲಿ ಅವರು ಖುಲನಾದಲ್ಲಿ ಸೆಣಬಿನ ಗಿರಣಿಯ ಕಚೇರಿಯಲ್ಲಿ ಕೆಲಸದಲ್ಲಿದ್ದರು; ಮಕ್ಕಳ ಹೊಣೆ ಅವರೊಬ್ಬರ ಮೇಲಿತ್ತು. ಯುದ್ಧ ಮುಗಿದ ಮೇಲೆ ಸಂಶಯದ ಕಣ್ಣುಗಳು ಅವರನ್ನು ಬಿಡಲಿಲ್ಲ. ಒಣಗಿ ಬಿದ್ದ ಬೇರು, ಕೊಂಬೆ, ನೀರಿನಲ್ಲಿ ತೇಲಿಬಂದ ಮರದ ತುಂಡು, ಹೀಗೆ ಯಾರೂ ಬೇಡವೆಂದು ಎಸೆದ ವಸ್ತುಗಳಿಂದ ಅವರು ವಿಗ್ರಹ ಮಾಡುತ್ತಿದ್ದರು. 2010ರಲ್ಲಿ ಆ ನಾಡಿನ ಅತ್ಯುನ್ನತ ಸ್ವಾಧೀನತಾ ಪ್ರಶಸ್ತಿ ಬಂತು. 2018ರ ಮಾರ್ಚ್ 6ರಂದು ತೀರಿಕೊಂಡರು.

ವೀರಾಂಗನೆಯ ಬಿರುದೂ ಸಿಗದೆ ಹೋದವರಿದ್ದರು. ಬಿಹಾರದಿಂದ ಬಂದು ನೆಲೆಸಿದ್ದ ಉರ್ದು ಮಾತಿನವರು ಸೈನ್ಯದ ಪಕ್ಷದವರೆಂದು, ಯುದ್ಧದ ಮುಂಚೆಯೂ ಬಳಿಕವೂ ಬಂಗಾಲಿ ಗುಂಪುಗಳು ಅವರ ಮೇಲೆ ಬಿದ್ದವು. ಅವರ ಹೆಂಗಸರೂ ಇದೇ ಪಾಡು ಅನುಭವಿಸಿದರು. ಇತಿಹಾಸಕಾರ್ತಿ ಯಾಸ್ಮೀನ್ ಸೈಕಿಯಾ 2011ರ ತಮ್ಮ ಪುಸ್ತಕದಲ್ಲಿ ಅವರ ಮಾತನ್ನೂ ಕೇಳಿಸಿದ್ದಾರೆ. ಗೆದ್ದವರ ಕಥೆಯಲ್ಲಿ ಅವರಿಗೆ ಎಡೆಯಿಲ್ಲ, ಸೋತವರಿಗೆ ಅವರ ನೆನಪಿಲ್ಲ.

ನ್ಯಾಯದ ವಿಚಾರ ಬೇಗ ಮುಗಿಸಬಹುದು, ನಡೆದದ್ದೇ ಅಷ್ಟು. 1973ರಲ್ಲಿ ಬಾಂಗ್ಲಾದೇಶ ಮಾಡಿದ ಕಾಯಿದೆ ಬಲಾತ್ಕಾರವನ್ನು ಮಾನವತೆಯ ವಿರುದ್ಧದ ಅಪರಾಧಗಳಲ್ಲಿ ಹೆಸರಿಸಿಯೇ ಸೇರಿಸಿತ್ತು. ಆದರೆ 1974ರ ಏಪ್ರಿಲಿನಲ್ಲಿ ಮೂರು ದೇಶಗಳ ನಡುವೆ ಒಪ್ಪಂದವಾಗಿ, ವಿಚಾರಣೆಗೆಂದು ಹೆಸರಿಸಿದ್ದ 195 ಮಂದಿ ಪಾಕಿಸ್ತಾನಿ ಕೈದಿಗಳೂ ಮನೆಗೆ ಹೋದರು. 2010ರಲ್ಲಿ ಢಾಕಾದಲ್ಲಿ ನ್ಯಾಯಮಂಡಲಿ ಸ್ಥಾಪನೆಯಾದಾಗ ಕಟಕಟೆಗೆ ಬಂದವರು ಸ್ಥಳೀಯ ಸಹಾಯಕರು ಮಾತ್ರ. 2014ರ ಡಿಸೆಂಬರಿನಲ್ಲಿ ತೀರ್ಪಾದ ಒಂದು ಮೊಕದ್ದಮೆಯಲ್ಲಿ, ಆ ಯುದ್ಧದ ಬಲಾತ್ಕಾರದಿಂದ ಹುಟ್ಟಿದ ಮಗಳೊಬ್ಬಳು ಬಂದು ಸಾಕ್ಷಿ ನುಡಿದಳು. ಆಗ ಆಕೆಗೆ ನಲವತ್ತು ದಾಟಿತ್ತು.

2015ರಲ್ಲಿ ಸರಕಾರ ವೀರಾಂಗನೆಯರನ್ನು ಸ್ವಾತಂತ್ರ್ಯ ಯೋಧರೆಂದೇ ಪರಿಗಣಿಸಿ, ಯೋಧರಿಗೆ ಸಲ್ಲುವ ಮಾಸಾಶನವನ್ನು ಅವರಿಗೂ ಕೊಡಲು ತೊಡಗಿತು. ಆ ಅಕ್ಟೋಬರಿನ ಮೊದಲ ಪಟ್ಟಿಯಲ್ಲಿ 41 ಹೆಸರುಗಳಿದ್ದವು. ಪ್ರಿಯಭಾಷಿಣಿಯವರ ಹೆಸರು ಮರುವರ್ಷ ಬಂತು. ಮುಂದೆ ಪಟ್ಟಿ ನಾನೂರು ದಾಟಿತು. ಸರಕಾರವೇ ಹೇಳುವ ಎರಡು ಲಕ್ಷದ ಮುಂದೆ ಈ ನಾನೂರನ್ನು ಇಟ್ಟು ನೋಡಿದರೆ, ತೀರಿಹೋದವರೆಷ್ಟು, ಬಾಯಿ ಬಿಡದವರೆಷ್ಟು ಎಂಬುದರ ಅಂದಾಜು ಸಿಗುತ್ತದೆ. ಮಾಸಾಶನ ಬೇಕೆಂದರೆ ಅರ್ಜಿ ಕೊಡಬೇಕು. ತಾಲೂಕು ಮಟ್ಟದ ಸಮಿತಿ ಕರೆದು ವಿಚಾರಿಸುತ್ತದೆ. ಎಂದು, ಎಲ್ಲಿ, ಯಾರಿಂದ, ಕಂಡವರು ಯಾರಿದ್ದಾರೆ. ಅರ್ಧ ಶತಮಾನ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಾತನ್ನು ಎಪ್ಪತ್ತರ ಮುದುಕಿ, ಮೊಮ್ಮಗನ ಕೈ ಹಿಡಿದು ಬಂದು, ಕಚೇರಿಯ ಮೇಜಿನ ಮುಂದೆ ನಿಂತು ಬಿಚ್ಚಬೇಕು. ಹಾಗೆ ಬಿಚ್ಚಿ ತಿಂಗಳ ಹಣ ಪಡೆದವರು ಮನೆಗೆ ತಗಡು ಹೊದೆಸಿಕೊಂಡಿದ್ದಾರೆ, ಮದ್ದು ಕೊಂಡಿದ್ದಾರೆ. ಮಕ್ಕಳು ಬೇಡವೆಂದದ್ದಕ್ಕೆ ಅರ್ಜಿ ಹಾಕದೆ ಉಳಿದವರೂ ಇದ್ದಾರೆ.